ಸುಂಕ ಇಳಿದಂತೆಲ್ಲ ಸಿಟ್ಟು ಏರಿತು!

ಕಡಲಿಗೆ ಸುರಿದದ್ದು ದುಬಾರಿ ಟೀ ಅಲ್ಲ, ಅಗ್ಗದ ಟೀ: ಅಮೆರಿಕ ಸ್ವತಂತ್ರವಾದ ಕಥೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಬಂತು? ಇದು ನಮ್ಮ ಸಂತೆಪೇಟೆಯ ಹಳೇ ಮಾತು. ಅಮೆರಿಕದ ವರ್ತಕರು ಒಂದಲ್ಲ ಎರಡಲ್ಲ, ಹತ್ತು ವರ್ಷ ಸುಂಕದವನ ಮುಂದೆ ಹೇಳಿಕೊಂಡರು. ಅರ್ಜಿ ಬರೆದರು, ಅಂಗಡಿಗೆ ಮಾಲು ತರಿಸುವುದನ್ನೇ ನಿಲ್ಲಿಸಿದರು, ಬೀದಿಯಲ್ಲಿ ಕೂಗಾಡಿದರು. ಕೊನೆಗೆ ಕೋವಿ ಹಿಡಿದರು. 1764ರಲ್ಲಿ ಕಾಕಂಬಿಯ ಸುಂಕದಿಂದ ಶುರುವಾದ ತಕರಾರು 1776ರಲ್ಲಿ ಒಂದು ಹೊಸ ದೇಶವನ್ನೇ ಹುಟ್ಟಿಸಿತು.

ತೆರಿಗೆ ವಿಪರೀತ ಏರಿತು, ಜನ ತಡೆಯಲಾರದೆ ತಿರುಗಿಬಿದ್ದರು ಎಂದೇ ಎಲ್ಲರೂ ತಿಳಿದಿರುವುದು. ಲೆಕ್ಕದ ಪುಸ್ತಕ ತೆಗೆದು ನೋಡಿದರೆ ಕಥೆ ತಲೆಕೆಳಗು. ಹಲವು ಸಲ ಸರ್ಕಾರ ಸುಂಕ ಇಳಿಸಿತು, ಇಲ್ಲವೇ ತೆಗೆದುಹಾಕಿತು. ಆದರೂ ಕೊನೆಗೆ ಜಗಳ ಜಾಸ್ತಿಯೇ ಆಯಿತು. ಹೀಗೂ ಉಂಟೇ?

ಗೆದ್ದವನ ತಲೆ ಮೇಲೆ ಸಾಲ

1756ರಿಂದ 1763ರವರೆಗೆ ಬ್ರಿಟನ್ನಿಗೂ ಫ್ರಾನ್ಸಿಗೂ ದೊಡ್ಡ ಲಡಾಯಿ ನಡೆಯಿತು. ಬ್ರಿಟನ್ ಗೆದ್ದಿತು. ಕೆನಡಾ ಕೈಗೆ ಬಂತು. ಜೊತೆಗೆ ಸಾಲವೂ ಬಂತು. ಯುದ್ಧಕ್ಕೆ ಮುಂಚೆ ಏಳೂವರೆ ಕೋಟಿ ಪೌಂಡಿನ ಆಸುಪಾಸಿನಲ್ಲಿದ್ದ ಸಾಲ ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 13 ಕೋಟಿ ಪೌಂಡು ದಾಟಿತ್ತು. ಬಡ್ಡಿಯೇ ವರ್ಷಕ್ಕೆ 40 ಲಕ್ಷ ಪೌಂಡಿಗೂ ಮೇಲೆ!

ಅಮೆರಿಕದ ಪೂರ್ವ ಕರಾವಳಿಯಲ್ಲಿ ಬ್ರಿಟಿಷರ 13 ವಸಾಹತುಗಳಿದ್ದವು. ಯುದ್ಧ ಮುಗಿದ ಮೇಲೂ ಅಲ್ಲಿ ಸುಮಾರು 10,000 ಸಿಪಾಯಿಗಳನ್ನು ಇಡಬೇಕೆಂದು ಲಂಡನ್ನಿನಲ್ಲಿ ತೀರ್ಮಾನವಾಯಿತು. ಪ್ರಧಾನಿ ಜಾರ್ಜ್ ಗ್ರೆನ್‌ವಿಲ್ ಲೆಕ್ಕದ ಮನುಷ್ಯ. ಕಾವಲು ಯಾರಿಗೋ ಅವರೇ ಸ್ವಲ್ಪ ಖರ್ಚು ಕೊಡಲಿ ಎಂದ. ಮೇಲುನೋಟಕ್ಕೆ ತಪ್ಪೇನೂ ಇಲ್ಲ. ಬ್ರಿಟನ್ನಿನ ಜನ ಆಗಲೇ ವಸಾಹತಿನವರಿಗಿಂತ ಎಷ್ಟೋ ಪಟ್ಟು ಹೆಚ್ಚು ತೆರಿಗೆ ಕಟ್ಟಿ ಸುಸ್ತಾಗಿದ್ದರು.

ಗ್ರೆನ್‌ವಿಲ್ ಮೊದಲು ಕೈಹಾಕಿದ್ದು ಕಾಕಂಬಿಗೆ. ಅಮೆರಿಕದವರು ಕಾಕಂಬಿಯಿಂದ ರಂ ಕಾಯಿಸುತ್ತಿದ್ದರು. ಫ್ರೆಂಚ್ ದ್ವೀಪಗಳಿಂದ ಬರುವ ಕಾಕಂಬಿಗೆ 1733ರಿಂದಲೂ ಗ್ಯಾಲನ್ನಿಗೆ 6 ಪೆನ್ನಿ ಸುಂಕ ಇತ್ತು. ಇತ್ತು ಅಷ್ಟೆ, ಕಟ್ಟುವವರು ಅಪರೂಪ. ಸುಂಕದ ಕಟ್ಟೆಯವನ ಕೈ ಬೆಚ್ಚಗೆ ಮಾಡಿ ಪೀಪಾಯಿ ಇಳಿಸಿಕೊಳ್ಳುವುದೇ ಮಾಮೂಲು. 1764ರಲ್ಲಿ ಗ್ರೆನ್‌ವಿಲ್ ಸುಂಕವನ್ನು 3 ಪೆನ್ನಿಗೆ ಇಳಿಸಿದ. ಅರ್ಧಕ್ಕರ್ಧ! ಆದರೆ ಇದನ್ನು ನಿಜವಾಗಿಯೂ ವಸೂಲು ಮಾಡುತ್ತೇನೆ ಅಂದ. ಸಿಕ್ಕಿಬಿದ್ದವನ ಮೊಕದ್ದಮೆ ಊರ ಪಂಚರ ಮುಂದೆ ಅಲ್ಲ, ಪಂಚರೇ ಇಲ್ಲದ ನೌಕಾ ಕೋರ್ಟಿನಲ್ಲಿ. ಕಾಗದದ ಮೇಲಿನ ಆರು ಪೆನ್ನಿಗಿಂತ ಕೈಯಿಂದ ಹೋಗುವ ಮೂರು ಪೆನ್ನಿ ಭಾರ ಎನ್ನುವುದು ವ್ಯಾಪಾರಸ್ಥರಿಗೆ ವಿವರಿಸಿ ಹೇಳಬೇಕಾದ ಮಾತಲ್ಲ.

ಇಸ್ಪೀಟು ಎಲೆಗೂ ಛಾಪಾ

1765ರ ಮಾರ್ಚಿ 22ರಂದು ಪಾಸಾದ ಛಾಪಾ ಕಾಯಿದೆ ಇನ್ನೂ ದೊಡ್ಡ ಎಡವಟ್ಟು. ಕ್ರಯಪತ್ರ, ದಾವೆ ಕಾಗದ, ಹೆಂಡದಂಗಡಿ ಲೈಸೆನ್ಸು, ಪಂಚಾಂಗ, ಪತ್ರಿಕೆ ಎಲ್ಲವೂ ಸರ್ಕಾರಿ ಛಾಪಾ ಬಿದ್ದ ಕಾಗದದ ಮೇಲೇ ಇರಬೇಕು. ಇಸ್ಪೀಟಿನ ಒಂದು ಕಟ್ಟಿಗೆ 1 ಷಿಲಿಂಗು. ಜೂಜಿನ ಒಂದು ಜೊತೆ ದಾಳಕ್ಕೆ 10 ಷಿಲಿಂಗು. ನಮ್ಮ ಹಳೇ ಆಣೆಗೆ 12 ಪೈ ಇದ್ದ ಹಾಗೆ ಅವರ ಷಿಲಿಂಗಿಗೆ 12 ಪೆನ್ನಿ. ಇಪ್ಪತ್ತು ಷಿಲಿಂಗಿಗೆ ಒಂದು ಪೌಂಡು. ಪತ್ರಿಕೆಯಲ್ಲಿ ಬರುವ ಒಂದೊಂದು ಜಾಹೀರಾತಿಗೂ 2 ಷಿಲಿಂಗು.

ಗ್ರೆನ್‌ವಿಲ್ ಸಾಹೇಬರು ಎಡವಿದ್ದೇ ಇಲ್ಲಿ. ತೆರಿಗೆ ಹಾಕುವಾಗ ಬಾಯಿಲ್ಲದವರ ಮೇಲೆ ಹಾಕಬೇಕು. ಇವರು ಹುಡುಕಿ ಹುಡುಕಿ ಹಾಕಿದ್ದು ವಕೀಲರು, ಪತ್ರಿಕೆಯವರು, ಹೆಂಡದಂಗಡಿಯವರ ಮೇಲೆ. ಮೂವರೂ ಬಾಯಿಬಡುಕರೇ! ಫಿಲಡೆಲ್ಫಿಯಾದ ‘ಪೆನ್ಸಿಲ್ವೇನಿಯಾ ಜರ್ನಲ್’ ಕಾಯಿದೆ ಜಾರಿಗೆ ಬರುವ ಮುನ್ನಾದಿನ ತನ್ನ ಮುಖಪುಟವನ್ನೇ ಗೋರಿಕಲ್ಲಿನ ಆಕಾರದಲ್ಲಿ ಅಚ್ಚು ಹಾಕಿ, ಛಾಪಾ ಬೀಳುವ ಜಾಗದಲ್ಲಿ ತಲೆಬುರುಡೆ ಕೂರಿಸಿತು.

ವಾದ ಇದ್ದದ್ದು ಇಷ್ಟು. ಒಂದೊಂದು ವಸಾಹತಿಗೂ ಜನ ಆರಿಸಿದ ಅದರದ್ದೇ ಶಾಸನಸಭೆ ಇತ್ತು. ಒಳಗಿನ ತೆರಿಗೆಯನ್ನು ಅಲ್ಲಿಯವರೆಗೂ ಅದೇ ಹಾಕುತ್ತಿತ್ತು. ಲಂಡನ್ ಪಾರ್ಲಿಮೆಂಟಿಗೆ ನಮ್ಮ ಒಬ್ಬ ಮೆಂಬರನ್ನೂ ನಾವು ಆರಿಸಿ ಕಳಿಸಿಲ್ಲ. ನಮ್ಮ ಕಿಸೆಗೆ ಕೈಹಾಕಲು ಅದು ಯಾರು? ಇದು ಅಮೆರಿಕದವರ ಪ್ರಶ್ನೆ. ಲಂಡನ್ನಿನವರ ಉತ್ತರ ಸಿದ್ಧವಿತ್ತು. ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಂನಂಥ ಊರುಗಳಿಗೂ ಮೆಂಬರಿಲ್ಲ, ಅವರು ಕಟ್ಟುತ್ತಿಲ್ಲವೇ? ಇಡೀ ಸಾಮ್ರಾಜ್ಯದ ಪರವಾಗಿ ಪಾರ್ಲಿಮೆಂಟು ಯೋಚನೆ ಮಾಡುತ್ತದೆ, ನೀವು ಸುಮ್ಮನಿರಿ! ಪಕ್ಕದ ಮನೆಯವನಿಗೆ ಊಟ ಹಾಕಿಲ್ಲ, ನಿನಗೂ ಹಾಕುವುದಿಲ್ಲ ಅಂದ ಹಾಗಾಯಿತು.

ಬಾಸ್ಟನ್ ಊರಿನಲ್ಲಿ ಛಾಪಾ ಕಾಗದ ಹಂಚಲು ನೇಮಕವಾದವನು ಆಂಡ್ರ್ಯೂ ಆಲಿವರ್. 1765ರ ಆಗಸ್ಟ್ 14ರಂದು ಜನ ಅವನ ಗೊಂಬೆ ಮಾಡಿ ಮರಕ್ಕೆ ನೇತುಹಾಕಿದರು. ಆಲಿವರ್ ಕೆಲಸ ಬೇಡವೆಂದು ಕೈಮುಗಿದ. ಹನ್ನೆರಡು ದಿನ ಕಳೆದು ಉಪರಾಜ್ಯಪಾಲ ಥಾಮಸ್ ಹಚಿನ್‌ಸನ್‌ನ ಮನೆಯನ್ನೇ ಗುಂಪು ಧ್ವಂಸ ಮಾಡಿತು. ಈ ಹಚಿನ್‌ಸನ್‌ಗೆ ಛಾಪಾ ಕಾಯಿದೆ ಖಾಸಗಿಯಾಗಿ ಇಷ್ಟವಿರಲಿಲ್ಲ. ಗುಂಪಿಗೆ ಅದೆಲ್ಲ ಯಾರು ಹೇಳಬೇಕು? ನವೆಂಬರ್ 1ಕ್ಕೆ ಕಾಯಿದೆ ಜಾರಿಯಾಗುವ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಊರುಗಳ ಏಜೆಂಟರೂ ರಾಜೀನಾಮೆ ಕೊಟ್ಟಾಗಿತ್ತು. ಛಾಪಾ ಇದೆ, ಒತ್ತುವವನಿಲ್ಲ.

ಅಂಗಡಿಯವರ ಆಯುಧ

ಬೆಂಕಿ ಕಲ್ಲಿಗಿಂತ ಬಿಗಿಯಾಗಿ ತಾಗಿದ್ದು ಅಂಗಡಿಯವರ ಪೆಟ್ಟು. ನ್ಯೂಯಾರ್ಕಿನ 200 ವರ್ತಕರು ಸೇರಿ ಕಾಯಿದೆ ರದ್ದಾಗುವವರೆಗೆ ಬ್ರಿಟಿಷ್ ಮಾಲಿಗೆ ಹೊಸ ಆರ್ಡರು ಕೊಡುವುದಿಲ್ಲ ಎಂದು ಸಹಿ ಹಾಕಿದರು. ಫಿಲಡೆಲ್ಫಿಯಾ, ಬಾಸ್ಟನ್ ಹಿಂದೆ ಬಂದವು. ಮಾಲು ಕಳಿಸಿ ಬಾಕಿಗಾಗಿ ಕಾಯುತ್ತಿದ್ದ ಲಂಡನ್, ಲಿವರ್‌ಪೂಲ್, ಬ್ರಿಸ್ಟಲ್ ಸಾಹುಕಾರರು ತಾವೇ ಪಾರ್ಲಿಮೆಂಟಿಗೆ ಓಡಿ ಕಾಯಿದೆ ತೆಗೆಯಿರಿ ಎಂದು ಅರ್ಜಿ ಕೊಟ್ಟರು. ಗಿರಾಕಿ ಮುನಿದರೆ ಹೋಲ್‌ಸೇಲಿನವನಿಗೆ ನಿದ್ದೆ ಬರುವುದಿಲ್ಲ. 1766ರ ಮಾರ್ಚಿ 18ರಂದು ಛಾಪಾ ಕಾಯಿದೆ ರದ್ದು!

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅದೇ ದಿನ ಪಾರ್ಲಿಮೆಂಟು ಇನ್ನೊಂದು ಕಾಯಿದೆ ಮಾಡಿತು. ಯಾವ ವಿಷಯದಲ್ಲೇ ಆಗಲಿ ವಸಾಹತುಗಳ ಮೇಲೆ ಕಾಯಿದೆ ಮಾಡುವ ಪೂರ್ತಿ ಹಕ್ಕು ನಮಗಿದೆ ಎಂಬ ಘೋಷಣೆ ಅದು. ಅಂದರೆ ದುಡ್ಡು ಬಿಟ್ಟೆ, ಹಠ ಬಿಡಲಿಲ್ಲ. ಸಂಭ್ರಮದಲ್ಲಿ ಪಟಾಕಿ ಹಾರಿಸುತ್ತಿದ್ದ ಅಮೆರಿಕದವರು ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಅದೇ ವರ್ಷ ಕಾಕಂಬಿ ಸುಂಕ 1 ಪೆನ್ನಿಗೆ ಇಳಿದಾಗ ಇದೇ ದೇಶಭಕ್ತ ವರ್ತಕರು ಸದ್ದಿಲ್ಲದೆ ಕಟ್ಟಿದರು ಎನ್ನುವುದನ್ನೂ ಇಲ್ಲಿ ಹೇಳಿಬಿಡಬೇಕು. ಗಿಟ್ಟಿದರೆ ತತ್ವ ಸ್ವಲ್ಪ ಹಿಂದೆ ಸರಿಯುತ್ತದೆ.

ಮರುವರ್ಷ, 1767ರಲ್ಲಿ, ಖಜಾನೆ ಮಂತ್ರಿ ಚಾರ್ಲ್ಸ್ ಟೌನ್ಸೆಂಡ್ ಗಾಜು, ಸೀಸ, ಬಣ್ಣ, ಕಾಗದ, ಟೀ ಈ ಐದರ ಮೇಲೆ ಸುಂಕ ಹಾಕಿದ. ಬಂದ ಹಣದಲ್ಲಿ ವಸಾಹತಿನ ಗವರ್ನರುಗಳಿಗೆ, ಜಡ್ಜುಗಳಿಗೆ ಸಂಬಳ ಎಂದ. ಅಸಲಿ ವಿಷಯ ಇಲ್ಲಿದೆ. ಅಲ್ಲಿಯವರೆಗೆ ಬಹಳ ಕಡೆ ಗವರ್ನರನ ಸಂಬಳ ಆಯಾ ಶಾಸನಸಭೆಯ ಕೈಲಿತ್ತು. ಸಂಬಳ ಕೊಡುವವರ ಮಾತನ್ನು ಸಾಹೇಬ ಅಷ್ಟೋ ಇಷ್ಟೋ ಕೇಳುತ್ತಿದ್ದ. ಇನ್ನು ಮೇಲೆ ಜನರ ದುಡ್ಡಿನಲ್ಲೇ ಸಂಬಳ, ಜನರ ಹಂಗು ಮಾತ್ರ ಇಲ್ಲ!

ಮತ್ತೆ ಆಮದು ಬಂದ್. ಹೆಂಗಸರು ಪಾದ್ರಿಗಳ ಮನೆಯಂಗಳದಲ್ಲಿ ಗುಂಪುಗುಂಪಾಗಿ ಕೂತು ರಾಟೆ ತಿರುಗಿಸಿದರು. ಇಂಗ್ಲಿಷ್ ಬಟ್ಟೆ ಬಿಟ್ಟು ಮನೆಯಲ್ಲಿ ನೂತ ಒರಟು ಬಟ್ಟೆ ಉಡುವುದೇ ಮರ್ಯಾದೆಯ ಗುರುತಾಯಿತು.

ಹಾಗಂತ ಎಲ್ಲರೂ ಹರಿಶ್ಚಂದ್ರನ ಮಕ್ಕಳೇನಲ್ಲ. ‘ಬಾಸ್ಟನ್ ಕ್ರಾನಿಕಲ್’ ಎಂಬ ಪತ್ರಿಕೆ ನಡೆಸುತ್ತಿದ್ದ ಜಾನ್ ಮೀನ್ 1769ರಲ್ಲಿ ಸುಂಕದ ಕಚೇರಿಯ ಹಡಗು ಲೆಕ್ಕವನ್ನು ದಾಖಲೆ ಸಮೇತ ಅಚ್ಚು ಹಾಕಿದ. ಬಹಿಷ್ಕಾರಕ್ಕೆ ಸಹಿ ಹಾಕಿದ ದೊಡ್ಡ ಮನುಷ್ಯರ ಹೆಸರಿನಲ್ಲೇ ಮಾಲು ಬರುತ್ತಿದೆ ಎಂದು ತೋರಿಸಿದ. ಚಳವಳಿಯ ಸಾಹುಕಾರ ಜಾನ್ ಹ್ಯಾನ್‌ಕಾಕನನ್ನೂ ಬಿಡಲಿಲ್ಲ. ಮೀನ್ ಸರ್ಕಾರದ ಕಡೆಯವನು ನಿಜ. ಆದರೂ ಪೆಟ್ಟು ನಾಟಿತು. ಬಹುಮಾನ? ಗುಂಪು ಅಟ್ಟಿಸಿಕೊಂಡು ಬಂತು. ತಲೆ ತಪ್ಪಿಸಿಕೊಂಡು ಇಂಗ್ಲೆಂಡಿನ ಹಡಗು ಹತ್ತಿದ.

ವಿಗ್ ಅಂಗಡಿಯ ಬಾಕಿ, ಐದು ಹೆಣ

1768ರ ಅಕ್ಟೋಬರಿನಲ್ಲಿ ಬಾಸ್ಟನ್ನಿಗೆ ಸಿಪಾಯಿಗಳು ಬಂದಿಳಿದರು. ಸುಂಕದ ಆಫೀಸರುಗಳಿಗೆ ರಕ್ಷಣೆ. ಪುಟ್ಟ ಊರು, ಬೀದಿ ಬೀದಿಗೂ ಕೆಂಪು ಕೋಟು. ಸಂಬಳ ಸಾಲದ ಸಿಪಾಯಿಗಳು ಬಿಡುವಿನಲ್ಲಿ ಕೂಲಿಗೂ ಹೋಗುತ್ತಿದ್ದರು. ಊರಿನ ಕೂಲಿಯವರಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

1770ರ ಮಾರ್ಚಿ 5ರ ರಾತ್ರಿ. ನೆಲದ ಮೇಲೆ ಮಂಜು. ವಿಗ್ ಮಾಡುವವನ ಅಂಗಡಿಯ ಹುಡುಗನೊಬ್ಬ ಬೀದಿಯಲ್ಲಿ ಹೋಗುತ್ತಿದ್ದ ಒಬ್ಬ ಆಫೀಸರನನ್ನು ನೋಡಿ, ನಮ್ಮ ಯಜಮಾನರ ಬಾಕಿ ಕೊಟ್ಟಿಲ್ಲ ಎಂದು ಕೂಗಿದ. ಬಾಕಿ ಅದಾಗಲೇ ಸಂದಾಯವಾಗಿತ್ತು! ಕಾವಲಿನ ಸಿಪಾಯಿ ಹುಡುಗನಿಗೆ ಬಾರಿಸಿದ. ಗುಂಪು ಸೇರಿತು. ಮಂಜಿನ ಗಡ್ಡೆ, ದೊಣ್ಣೆ ತೂರಿಬಂದವು. ಸಿಪಾಯಿಗಳು ಗುಂಡು ಹಾರಿಸಿದರು. ಮೂವರು ಸ್ಥಳದಲ್ಲೇ, ಇಬ್ಬರು ಆಮೇಲೆ, ಒಟ್ಟು ಐವರು ಸತ್ತರು. ಅವರಲ್ಲೊಬ್ಬ ಕಪ್ಪು ಜನಾಂಗದ ನಾವಿಕ ಕ್ರಿಸ್ಪಸ್ ಅಟಕ್ಸ್. ಸಿಪಾಯಿಗಳ ಪರ ಕೋರ್ಟಿನಲ್ಲಿ ನಿಂತ ವಕೀಲ ಜಾನ್ ಆಡಮ್ಸ್, ಮುಂದೆ ಅಮೆರಿಕದ ಎರಡನೇ ಅಧ್ಯಕ್ಷನಾದವನು. ಆರು ಮಂದಿ ಬಿಡುಗಡೆಯಾದರು. ಇಬ್ಬರಿಗೆ ಸಣ್ಣ ಶಿಕ್ಷೆ.

ವಿಧಿಯ ಆಟ ನೋಡಿ. ಅದೇ ಮಾರ್ಚಿ 5ರಂದು ಲಂಡನ್ನಿನಲ್ಲಿ ಪ್ರಧಾನಿ ಲಾರ್ಡ್ ನಾರ್ತ್ ಟೌನ್ಸೆಂಡ್ ಸುಂಕಗಳನ್ನು ತೆಗೆಯುವ ಸಲಹೆ ಪಾರ್ಲಿಮೆಂಟಿನ ಮುಂದಿಟ್ಟ. ಗಾಜು, ಸೀಸ, ಬಣ್ಣ, ಕಾಗದ ಎಲ್ಲ ಹೋಯಿತು. ಟೀ ಒಂದು ಉಳಿಯಿತು. ಪೌಂಡು ತೂಕಕ್ಕೆ 3 ಪೆನ್ನಿ. ಹಿಂದಿನ ವರ್ಷ ಮಂತ್ರಿಮಂಡಲದಲ್ಲಿ ಇದರ ಮೇಲೆ ವೋಟು ಬಿದ್ದಾಗ ಉಳಿಸೋಣ ಅಂದವರು ಐವರು, ಬೇಡ ಅಂದವರು ನಾಲ್ವರು. ಒಂದೇ ಒಂದು ವೋಟು! ವರಮಾನಕ್ಕಾಗಿ ಅಲ್ಲ, ಹಕ್ಕು ನಮ್ಮದು ಎಂದು ತೋರಿಸುವ ಗೂಟವಾಗಿ ಅದನ್ನು ಉಳಿಸಿದ್ದು.

ದಿವಾಳಿ ಕಂಪನಿಯ ಟೀಪುಡಿ

ಮೂರು ವರ್ಷ ಊರು ತಣ್ಣಗಿತ್ತು. ಜನ ಡಚ್ಚರ ಕಳ್ಳಸಾಗಣೆ ಟೀ ಕುಡಿದುಕೊಂಡು ಹಾಯಾಗಿದ್ದರು. ಮತ್ತೆ ಬೆಂಕಿ ಬಿದ್ದದ್ದು ನಮ್ಮ ಕಡೆಯಿಂದ, ಈಸ್ಟ್ ಇಂಡಿಯಾ ಕಂಪನಿಯ ದೆಸೆಯಿಂದ.

1765ರಲ್ಲಿ ಬಂಗಾಳದ ದಿವಾನಿ, ಅಂದರೆ ಕಂದಾಯ ವಸೂಲಿ, ಕಂಪನಿಯ ಕೈಗೆ ಬಂದಿತ್ತು. ಲಂಡನ್ನಿನಲ್ಲಿ ಅದರ ಷೇರು ಹಾರಾಡುತ್ತಿತ್ತು. 1769ರಲ್ಲಿ ನಮ್ಮ ಹೈದರಾಲಿ ಮದರಾಸಿನ ಬಾಗಿಲವರೆಗೆ ಕುದುರೆ ಓಡಿಸಿ ಕಂಪನಿಯಿಂದ ಒಪ್ಪಂದ ಬರೆಸಿಕೊಂಡ. ಆ ಯುದ್ಧದ ಸುದ್ದಿಗೆ ಲಂಡನ್ನಿನಲ್ಲಿ ಷೇರು ದಬಾಯಿಸಿ ಬಿತ್ತು. ಅದೇ ಕಾಲಕ್ಕೆ ಬಂಗಾಳದಲ್ಲಿ ಭೀಕರ ಬರ. ಜನ ಲಕ್ಷಗಟ್ಟಲೆ ಸತ್ತರೂ ವಸೂಲಿ ನಿಲ್ಲಲಿಲ್ಲ. 1772ರ ಹೊತ್ತಿಗೆ ಕಂಪನಿ ದಿವಾಳಿಯ ಅಂಚಿಗೆ ಬಂತು. ಗೋದಾಮಿನಲ್ಲಿ ಕೋಟಿಗೂ ಮಿಕ್ಕಿ ಪೌಂಡು ತೂಕದ ಟೀ ಕೊಳೆಯುತ್ತಾ ಬಿದ್ದಿತ್ತು. ಅದು ಚೀನಾದ ಟೀ; ಅಸ್ಸಾಮಿನ ತೋಟಗಳು ಆಗ ಹುಟ್ಟೇ ಇರಲಿಲ್ಲ.

ಸರ್ಕಾರ ಕಂಪನಿಯ ಕೈಹಿಡಿಯಿತು. ಸಾಲ ಕೊಟ್ಟಿತು. 1773ರ ಮೇ ತಿಂಗಳಲ್ಲಿ ಟೀ ಕಾಯಿದೆ ಮಾಡಿತು. ಕಂಪನಿ ದಲ್ಲಾಳಿಗಳಿಲ್ಲದೆ ನೇರ ಅಮೆರಿಕಕ್ಕೆ ಟೀ ಕಳಿಸಬಹುದು, ಇಂಗ್ಲೆಂಡಿನ ಸುಂಕ ವಾಪಸು. ಅಮೆರಿಕದ 3 ಪೆನ್ನಿ ಮಾತ್ರ ಹಾಗೇ ಇರುತ್ತದೆ. ಅದನ್ನು ಕಟ್ಟಿಯೂ ಕಂಪನಿಯ ಟೀ ಕಳ್ಳ ಟೀಗಿಂತ ಅಗ್ಗ!

ಕುಡಿಯುವವನಿಗೆ ಲಾಭ, ಮತ್ತೇಕೆ ರಂಪ? ಅಂಗಡಿಯವರನ್ನು ಕೇಳಿ ಹೇಳುತ್ತಾರೆ. ಟೀ ಮಾರುವ ಹಕ್ಕು ಕಂಪನಿ ಆರಿಸಿದ ಕೆಲವರಿಗೆ ಮಾತ್ರ. ಬಾಸ್ಟನ್ನಿನಲ್ಲಿ ಆ ಭಾಗ್ಯವಂತರಲ್ಲಿ ಇಬ್ಬರು ಗವರ್ನರ್ ಹಚಿನ್‌ಸನ್‌ನ ಮಕ್ಕಳು. ಮನೆ ಧ್ವಂಸವಾಗಿತ್ತಲ್ಲ, ಅದೇ ಹಚಿನ್‌ಸನ್! ಸುಂಕ ಕಟ್ಟಿ ಪ್ರಾಮಾಣಿಕವಾಗಿ ಟೀ ತರಿಸುತ್ತಿದ್ದವನೂ ಹೋದ, ಕಳ್ಳಸಾಗಣೆಯವನೂ ಹೋದ. ಇವತ್ತು ಟೀ, ನಾಳೆ ಬಟ್ಟೆ, ನಾಡಿದ್ದು ಮೆಣಸು. ಫಿಲಡೆಲ್ಫಿಯಾದ ಜಾನ್ ಡಿಕಿನ್‌ಸನ್ ಬೇರೆ ಹೆಸರಿಟ್ಟುಕೊಂಡು ಬರೆದ ಕರಪತ್ರದಲ್ಲಿ ಇದೇ ಕಂಪನಿ ಹಿಂದೂಸ್ತಾನದಲ್ಲಿ ಏನು ಮಾಡಿತು, ಬರದಲ್ಲಿ ಎಷ್ಟು ಜನ ಸತ್ತರು ನೋಡಿ ಎಂದು ಎಚ್ಚರಿಸಿದ. ಬಂಗಾಳದ ಗೋಳು ಅಮೆರಿಕದಲ್ಲಿ ಸಾಕ್ಷಿ ನುಡಿಯಿತು.

ಬಾಸ್ಟನ್ನಿಗೆ ಮೂರು ಹಡಗು ಬಂದವು: ಡಾರ್ಟ್‌ಮತ್, ಎಲಿನಾರ್, ಬೀವರ್. ಬಂದ 20 ದಿನದೊಳಗೆ ಸುಂಕ ಕಟ್ಟದಿದ್ದರೆ ಸರಕು ಜಪ್ತಿ. ಜನ ಇಳಿಸಲು ಬಿಡರು, ಗವರ್ನರ್ ವಾಪಸು ಹೋಗಲು ಬಿಡ. ಗಡುವಿನ ಹಿಂದಿನ ದಿನ, 1773ರ ಡಿಸೆಂಬರ್ 16ರಂದು, ಪ್ರಾರ್ಥನಾ ಮಂದಿರದಲ್ಲಿ ಸುಮಾರು 5,000 ಜನ ಸೇರಿದರು. ರಾತ್ರಿ ಕೆಲವರು ಅಲ್ಲಿನ ಮೂಲನಿವಾಸಿಗಳ ವೇಷ ಹಾಕಿ, ಮುಖಕ್ಕೆ ಮಸಿ ಬಳಿದುಕೊಂಡು ಹಡಗು ಹತ್ತಿದರು. ಮೂರು ತಾಸಿನಲ್ಲಿ ಸುಮಾರು 340 ಪೆಟ್ಟಿಗೆ ಒಡೆದು ಟೀ ಪೂರಾ ಕಡಲಿಗೆ ಸುರಿದರು. ತೂಕ 92,000 ಪೌಂಡಿಗೂ ಮೇಲೆ, ಅಂದರೆ ಸುಮಾರು 42,000 ಕಿಲೋ. ಕಂಪನಿ ಹೇಳಿದ ನಷ್ಟ 9,659 ಪೌಂಡು. ಬೇರೆ ಸಾಮಾನು ಮುಟ್ಟಲಿಲ್ಲ. ಒಡೆದ ಒಂದು ಬೀಗಕ್ಕೆ ಬದಲಾಗಿ ಹೊಸ ಬೀಗ ತಂದುಕೊಟ್ಟರಂತೆ! ಚಾರ್ಲ್ಸ್‌ಟನ್ ಊರಿನವರು ಇನ್ನೂ ಜಾಣರು. ಜಪ್ತಿಯಾದ ಟೀಯನ್ನು ನೆಲಮಾಳಿಗೆಯಲ್ಲಿ ಹಾಗೇ ಇರಲು ಬಿಟ್ಟು, 1776ರಲ್ಲಿ ಮಾರಿ ಯುದ್ಧದ ಖರ್ಚಿಗೆ ಹಾಕಿಕೊಂಡರು.

ಬಂದರಿಗೆ ಬೀಗ

ಈ ಸಲ ಲಂಡನ್ ಮಣಿಯಲಿಲ್ಲ. ಟೀ ಹಣ ಕಟ್ಟುವವರೆಗೆ ಬಾಸ್ಟನ್ ಬಂದರು ಬಂದ್ ಎಂದು 1774ರ ಜೂನ್ 1ರಿಂದ ಬೀಗ ಜಡಿಯಿತು. ಮೆಸಾಚುಸೆಟ್ಸ್ ವಸಾಹತಿನ ಸ್ವಯಮಾಡಳಿತ ಕಿತ್ತುಕೊಂಡಿತು. ಟೀ ಸುರಿದವರು ನೂರಿನ್ನೂರು ಜನ, ಶಿಕ್ಷೆ ಇಡೀ ಊರಿಗೆ. ಹಮಾಲಿ, ಮೀನುಗಾರ, ಚಿಲ್ಲರೆ ಅಂಗಡಿ ಎಲ್ಲರ ಒಲೆಯೂ ಆರಿತು.

ಬೇರೆ ವಸಾಹತುಗಳು ಹೆದರುತ್ತವೆ ಎಂದುಕೊಂಡಿದ್ದರು. ಆದದ್ದು ಉಲ್ಟಾ. ದಕ್ಷಿಣ ಕೆರೊಲಿನಾದಿಂದ ಅಕ್ಕಿ ಬಂತು, ಕನೆಕ್ಟಿಕಟ್‌ನಿಂದ ಕುರಿಮಂದೆ ಬಂತು. ಸೆಪ್ಟೆಂಬರಿನಲ್ಲಿ 12 ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ ಸೇರಿ ಬ್ರಿಟಿಷ್ ಮಾಲಿಗೆ ಪೂರ್ತಿ ನಿಷೇಧ ಹಾಕಿದರು. ಊರೂರಿಗೂ ಕಮಿಟಿ. ನಿಷೇಧ ಮುರಿದವನ ಹೆಸರು ಪತ್ರಿಕೆಯಲ್ಲಿ. ಸರಕು ಕಡಿಮೆಯಾಯಿತೆಂದು ರೇಟು ಏರಿಸಿದ ಅಂಗಡಿಯವನಿಗೂ ಅದೇ ಗತಿ. ಈ ಕಮಿಟಿಗಳೇ ಹೋಗ್ತಾ ಹೋಗ್ತಾ ಸರ್ಕಾರವಾದವು. ಸುಂಕದ ಜಗಳ ಆಳುವವರು ಯಾರೆಂಬ ಜಗಳವಾಗಿ ತಿರುಗಿದ್ದು ಇಲ್ಲೇ. 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ ಹಳ್ಳಿಯ ಹುಲ್ಲುಗಾವಲಿನಲ್ಲಿ ಮೊದಲ ಗುಂಡು ಹಾರಿ ಎಂಟು ಜನ ಸತ್ತರು.

ಅಷ್ಟಾದರೂ ಅವರ ಬಾಯಲ್ಲಿ ಸ್ವಾತಂತ್ರ್ಯದ ಮಾತಿಲ್ಲ. ಜುಲೈನಲ್ಲಿ ದೊರೆ ಮೂರನೇ ಜಾರ್ಜನಿಗೆ ಇನ್ನೊಂದು ವಿನಯದ ಅರ್ಜಿ. ದೊರೆ ಮುಟ್ಟಲೂ ಇಲ್ಲ. 1776ರ ಜನವರಿಯಲ್ಲಿ ಒಂದು ಸಣ್ಣ ಪುಸ್ತಿಕೆ ಬಂತು. ದೊರೆತನವೇ ದಂಡ, ಬೇರೆಯಾಗಿ ಎಂದು ನೇರ ಹೇಳಿತು. ಬರೆದವನು ಥಾಮಸ್ ಪೇನ್. ಅವನು ಹಿಂದೆ ಏನಾಗಿದ್ದ ಗೊತ್ತೆ? ಇಂಗ್ಲೆಂಡಿನಲ್ಲಿ ಅಬಕಾರಿ ಸುಂಕದ ನೌಕರ! ಸಂಬಳ ಹೆಚ್ಚಿಸಿ ಎಂದು ಸಹೋದ್ಯೋಗಿಗಳ ಪರ ಬರೆದಿದ್ದ. 1774ರಲ್ಲಿ ಕೆಲಸ ಹೋಗಿತ್ತು. ಬಾಸ್ಟನ್ ಚಳವಳಿಯ ಮುಂದಾಳು ಸ್ಯಾಮ್ಯುಯೆಲ್ ಆಡಮ್ಸ್ ಕೂಡ ಒಂದು ಕಾಲದಲ್ಲಿ ಊರಿನ ತೆರಿಗೆ ವಸೂಲಿಯವನೇ. ಬಡವರನ್ನು ಪೀಡಿಸಲಾರದೆ ಸಾವಿರಾರು ಪೌಂಡು ಬಾಕಿ ಉಳಿಸಿಕೊಂಡಿದ್ದ. ಸುಂಕದ ಒಳಗುಟ್ಟು ಬಲ್ಲವರೇ ಸುಂಕಕ್ಕೆ ತಿರುಗಿಬಿದ್ದರೆ ಇನ್ನೇನಾಗುತ್ತದೆ?

1776ರ ಜುಲೈ 4ರ ಸ್ವಾತಂತ್ರ್ಯ ಘೋಷಣೆಯಲ್ಲಿ ದೊರೆಯ ಮೇಲಿನ ದೂರುಗಳ ಪಟ್ಟಿ ಉದ್ದವಾಗಿದೆ. ತೆರಿಗೆಯ ಮಾತು ಅದರ ನಡುವೆ ಒಂದೇ ಸಾಲು.

ಹೈದರಾಲಿ ಎಂಬ ಹಡಗು

ಯುದ್ಧ ಎಂಟು ವರ್ಷ ಎಳೆಯಿತು. ಫ್ರಾನ್ಸು ಅಮೆರಿಕದ ಕಡೆ ಸೇರಿತು. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಶರಣಾದ. ಮೈ ಸರಿಯಿಲ್ಲ ಎಂದು ಹೇಳಿ ಕತ್ತಿ ಒಪ್ಪಿಸಲು ಕೈಕೆಳಗಿನವನನ್ನು ಕಳಿಸಿದ.

ಆಗ ಇತ್ತ ಮೈಸೂರಿನ ಹೈದರಾಲಿ ಬ್ರಿಟಿಷರ ಜೊತೆ ಎರಡನೇ ಯುದ್ಧ ಮಾಡುತ್ತಿದ್ದ. ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧದ ಹಡಗಿಗೆ ಅವನ ಹೆಸರನ್ನೇ ಇಟ್ಟರು. 1782ರ ಏಪ್ರಿಲಿನಲ್ಲಿ ಆ ‘ಹೈದರ್ ಅಲಿ’ ಹಡಗು ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಆ ವರ್ಷವೇ ಹೈದರ್ ತೀರಿಕೊಂಡ. ಸೋತ ಕಾರ್ನ್‌ವಾಲಿಸನಿಗೆ ಮಾತ್ರ ಬಡ್ತಿ! 1786ರಲ್ಲಿ ಗವರ್ನರ್ ಜನರಲ್ ಆಗಿ ಇಂಡಿಯಾಕ್ಕೆ ಬಂದ. 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತು ಟಿಪ್ಪುವಿನಿಂದ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಗೆ ಇಬ್ಬರು ಮಕ್ಕಳನ್ನು ತೆಗೆದುಕೊಂಡ. ಅಲ್ಲಿ ಕಳೆದದ್ದನ್ನು ಇಲ್ಲಿ ವಸೂಲು ಮಾಡಿದರು ಎನ್ನಲು ಅಡ್ಡಿಯಿಲ್ಲ.

ಹೊಸ ಸರ್ಕಾರ, ಹೊಸ ಸುಂಕ

ಗೆದ್ದ ಅಮೆರಿಕ ತೆರಿಗೆ ಬಿಟ್ಟಿತೇ? ಎಲ್ಲಿಯ ಮಾತು! 1786ರಲ್ಲಿ ಮೆಸಾಚುಸೆಟ್ಸ್‌ನಲ್ಲಿ ಸಾಲ, ತೆರಿಗೆ ತಾಳಲಾರದ ರೈತರು ಎದ್ದಾಗ ಗಲ್ಲಿಗೆ ಹಾಕಿ ಅಂದವರಲ್ಲಿ ಅದೇ ಸ್ಯಾಮ್ಯುಯೆಲ್ ಆಡಮ್ಸ್ ಇದ್ದ. 1791ರಲ್ಲಿ ವಿಸ್ಕಿಗೆ ಸುಂಕ ಬಿತ್ತು. ಪಶ್ಚಿಮದ ಬೆಟ್ಟದ ರೈತರು ಹಳೇ ಕೂಗನ್ನೇ ಕೂಗಿ ಸುಂಕದವನಿಗೆ ಟಾರು ಬಳಿದರು. 1794ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ಸುಮಾರು 13,000 ಪಡೆ ಕಟ್ಟಿಕೊಂಡು ತಾನೇ ಹೊರಟ. ನಮ್ಮನ್ನು ಕೇಳದೆ ಹಾಕಿದರು ಎಂದು ಈಗ ಹೇಳುವಂತಿಲ್ಲ, ವೋಟು ಹಾಕಿ ಕಳಿಸಿದವರೇ ಹಾಕಿದ್ದು ಎಂಬುದು ಸರ್ಕಾರದ ಉತ್ತರ.

ವೋಟೇ ಇಲ್ಲದವರ ಗತಿ? 13 ವಸಾಹತುಗಳ ಜನರಲ್ಲಿ ಐದರಲ್ಲೊಬ್ಬ ಗುಲಾಮ. ಅವನ ಮಾತು ಎತ್ತಿದವರು ಕಡಿಮೆ. ಗುಲಾಮರಲ್ಲದ ಕಪ್ಪು ಜನರಿಗೂ ಕೆಲವು ಕಡೆ ತೆರಿಗೆ ಉಂಟು, ವೋಟು ಇಲ್ಲ. 1780ರಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ಪಾಲ್ ಕಫಿ, ಅವನ ಅಣ್ಣ ಜಾನ್ ಮತ್ತೆ ಕೆಲವರು ಮೆಸಾಚುಸೆಟ್ಸ್ ಶಾಸನಸಭೆಗೆ ಅರ್ಜಿ ಬರೆದು, ಬ್ರಿಟಿಷರಿಗೆ ನೀವು ಹೇಳಿದ್ದನ್ನೇ ನಾವು ನಿಮಗೆ ಹೇಳುತ್ತಿದ್ದೇವೆ ಎಂದು ತಿಳಿಸಿದರು. ತೆರಿಗೆ ಕಟ್ಟದ್ದಕ್ಕೆ ಅಣ್ಣತಮ್ಮಂದಿರಿಗೆ ಜೈಲಿನ ದರ್ಶನವೂ ಆಯಿತು.

ಅಮೆರಿಕದ ರಾಜಧಾನಿ ವಾಷಿಂಗ್ಟನ್ ನಗರದವರು ಇವತ್ತಿಗೂ ಕೇಂದ್ರದ ತೆರಿಗೆಯನ್ನು ಎಲ್ಲರಂತೆ ಕಟ್ಟುತ್ತಾರೆ. ಅಲ್ಲಿನ ಪಾರ್ಲಿಮೆಂಟಿನಲ್ಲಿ ವೋಟು ಹಾಕುವ ಒಬ್ಬ ಸದಸ್ಯನೂ ಅವರಿಗಿಲ್ಲ. ಪ್ರತಿನಿಧಿಯಿಲ್ಲದೆ ತೆರಿಗೆ ಎಂಬ ಹಳೇ ದೂರನ್ನು 2000ದ ಇಸವಿಯಿಂದ ಅವರು ತಮ್ಮ ಕಾರುಗಳ ನಂಬರ್ ಪ್ಲೇಟಿನ ಮೇಲೆ ಬರೆಸಿಕೊಂಡು ಓಡಾಡುತ್ತಿದ್ದಾರೆ.